ಒಂದೇ ಕವರಿನ ಅಣ್ಣ ತಮ್ಮ

ಹರಿಕಥೆಯ ಎರಡು ಗ್ರಾಮಫೋನ್ ರೆಕಾರ್ಡುಗಳು ಒಂದೇ ಕವರಿನಲ್ಲಿದ್ದವು. ಕಥೆಯ ಮೊದಲರ್ಧ ಅಣ್ಣನಲ್ಲಿ, ಉಳಿದರ್ಧ ತಮ್ಮನಲ್ಲಿ. ಅಣ್ಣ ಮುಗಿಯುವಷ್ಟರಲ್ಲಿ ಮನೆಯವರಿಗೆಲ್ಲ ತೂಕಡಿಕೆ. ಹಾಗಾಗಿ ತಮ್ಮನಿಗೆ ಮುಳ್ಳು ತಾಗುತ್ತಿದ್ದುದೇ ಅಪರೂಪ. ಅವನಿಗೆ ಅಣ್ಣನನ್ನು ಕಂಡರೆ ಹೊಟ್ಟೆಯುರಿ.

"ನಾಳೆ ಹಳೇ ರೆಕಾರ್ಡಿನ ವ್ಯಾಪಾರಿ ಬರುತ್ತಾನಂತೆ. ಯಾರ ಬೆಲೆ ಎಷ್ಟೆಂದು ಗೊತ್ತಾಗಲಿ," ಎಂದ ತಮ್ಮ, ಇಬ್ಬರ ನಡುವೆ ಸಿಕ್ಕಿಕೊಂಡಿದ್ದ ಮರಳಿನ ಕಣವನ್ನು ಅಣ್ಣನ ಮೈಗೆ ಒತ್ತಿ ಉದ್ದಕ್ಕೂ ಗೀರಿಬಿಟ್ಟ.

ವ್ಯಾಪಾರಿ ಮಾಬೂಸಾಬ್ ಬಂದು ಎರಡನ್ನೂ ಬೆಳಕಿಗೆ ಹಿಡಿದು ನೋಡಿದ. "ಅಮ್ಮಾ, ಜೋಡಿ ಸರಿಯಾಗಿದ್ದರೆ ಎರಡು ಸಾವಿರ ಕೊಡ್ತಿದ್ದೆ. ಇದಕ್ಕೆ ಗೀರು ಬಿದ್ದಿದೆ. ಇನ್ನೊಂದು ಕನ್ನಡಿ ಇದ್ದ ಹಾಗಿದೆ, ನಿಜ. ಆದರೆ ಮೊದಲರ್ಧ ಬಿಟ್ಟು ಉಳಿದರ್ಧ ಯಾರು ಕೇಳ್ತಾರೆ? ಎರಡೂ ಸೇರಿ ಐವತ್ತು."

ಅಂಗಡಿಗೆ ಬಂದವನೇ 'ಯಾವುದು ತಗೊಂಡರೂ ಐವತ್ತು' ಎಂದು ಬರೆದ ಪೆಟ್ಟಿಗೆಗೆ ಎರಡನ್ನೂ ಹಾಕಿದ.

"ನನ್ನ ಮೈಮೇಲೆ ಒಂದು ಗೆರೆಯೂ ಇಲ್ಲ! ನನಗೇಕೆ ಈ ಪೆಟ್ಟಿಗೆ?" ಎಂದು ತಮ್ಮ ಕಿರುಚಿದ.

ಅಣ್ಣ ಹೇಳಿದ: "ನಿನ್ನ ಬೆಲೆ ನನ್ನ ಮೈಮೇಲಿತ್ತು, ತಮ್ಮಾ. ನೀನೇ ಗೀರಿಹಾಕಿದೆ."