ಬೇವಿನ ಮರದ ಕೆಳಗಿನ ಸೀಟು

ಹೊಳೆ ದಂಡೆಯ ಆಶ್ರಮದಲ್ಲಿ ಒಂದು ಜೀಪಿತ್ತು. ಯಾರೋ ಭಕ್ತರು ಕೊಟ್ಟದ್ದು. ಹಳೆಯದು, ಆದರೆ ಗಟ್ಟಿ.

ಅದನ್ನು ಓಡಿಸುತ್ತಿದ್ದವನು ಶಿಷ್ಯ ಇಂದುಧರ. ಬೆಳಗಿನ ಪೂಜೆಗೆ ತಡವಾಗಿ ಬಂದರೂ ಬಂದಾನು, ಜೀಪು ಒರೆಸುವುದಕ್ಕೆ ತಡ ಮಾಡಿದವನಲ್ಲ.

ಮಳೆಗಾಲ ಮುಗಿಯುತ್ತಿದ್ದಾಗ ಹಿಮಾಲಯದ ಕಡೆಯಿಂದ ಸುದ್ದಿ ಬಂತು. ಗುರುಗಳ ಜೊತೆ ಇದೇ ಆಶ್ರಮದಲ್ಲಿ ಕಲಿತು, ಆಮೇಲೆ ಬೆಟ್ಟ ಹತ್ತಿ ಹೋಗಿ ಅಲ್ಲೇ ಉಳಿದುಬಿಟ್ಟ ಸ್ವಾಮಿಗಳು ಹಾಸಿಗೆ ಹಿಡಿದಿದ್ದರು. ನೋಡಬೇಕೆನ್ನುವವರು ಹಿಮ ಬೀಳುವ ಮುಂಚೆ ಬರಬೇಕು. ಹಿಮ ಬಿದ್ದರೆ ಘಟ್ಟದ ದಾರಿ ಮುಚ್ಚುತ್ತದೆ, ಬೇಸಿಗೆಯವರೆಗೆ ತೆರೆಯುವುದಿಲ್ಲ.

ಗುರುಗಳು ಇಂದುಧರನನ್ನು ಕರೆದರು.

"ಜೀಪು ಓಡುತ್ತಾ?"

"ಓಡುತ್ತೆ ಬುದ್ಧಿ."

"ಹಂಗಾದ್ರೆ ಹೊರಡೋಣ. ನಾನು, ನೀನು, ಹಾಲಮ್ಮ."

ಹಾಲಮ್ಮ ಆಶ್ರಮದ ಅಡುಗೆ ಮನೆ ನೋಡಿಕೊಳ್ಳುವವಳು. ಬೆಟ್ಟದ ಮೇಲಿನ ಸ್ವಾಮಿಗಳು ಆಕೆಯ ಒಡಹುಟ್ಟಿದ ಅಣ್ಣ. ಅಣ್ಣ ಕಾವಿ ತೊಟ್ಟು ಹೋದಮೇಲೆ ಆಕೆ ಅವರ ಮುಖ ಕಂಡಿರಲಿಲ್ಲ. ಆಶ್ರಮದವರೆಲ್ಲ ಅವರನ್ನು ಸ್ವಾಮಿಗಳು ಎಂದರೆ ಆಕೆ ಮಾತ್ರ ಇವತ್ತಿಗೂ ನಮ್ಮ ತಿಪ್ಪಣ್ಣ ಎನ್ನುತ್ತಿದ್ದಳು.

ಇಂದುಧರ ತಲೆ ಕೆರೆದುಕೊಂಡ.

"ಹಂಗೇ ಎದ್ದು ಹೊರಡೋಕಾಗಲ್ಲ ಬುದ್ಧಿ. ದೇಶದ ಈ ತುದಿಯಿಂದ ಆ ತುದಿ. ಕೊನೆಕೊನೆಗೆ ರಸ್ತೆನೇ ಇರಲ್ಲ. ಕಲ್ಲು, ಕೆಸರು, ಹಳ್ಳ. ಗಾಡಿ ಸಿದ್ಧ ಮಾಡಬೇಕು."

"ಯಾವಾಗಿನ ತನಕ?"

"ಆಯುಧಪೂಜೆ ಮುಗಿಸ್ಕೊಂಡೇ ಹೋಗೋಣ. ಅಷ್ಟು ದೂರ ಹೋಗೋ ಗಾಡಿ, ಪೂಜೆ ಮಾಡದೆ ಹೆಂಗೆ ತೆಗೆಯೋದು?"

ಗುರುಗಳು ಹೊಳೆಯ ಕಡೆ ನೋಡಿದರು.

"ನೋಡು ಮತ್ತೆ," ಎಂದರು. ಅಷ್ಟೇ.

ಇಂದುಧರ ನೋಡಿದ, ಮಾಡಿದ, ಮಾಡಿದ್ದನ್ನು ಬಿಚ್ಚಿ ಮತ್ತೆ ಮಾಡಿದ. ಊಟ ನಿದ್ದೆಯ ಪರಿವೆ ಇರಲಿಲ್ಲ. ಜೀಪಿನ ತಲೆಯ ಮೇಲೆ ಕಬ್ಬಿಣದ ಕ್ಯಾರಿಯರ್ ಬಂತು, ಅದರ ಮೇಲೆ ಇನ್ನೊಂದು ಸ್ಟೆಪ್ನಿ ಬಂತು. ಮುಂದಿನ ಬಂಪರಿಗೆ ವಿಂಚ್ ಬಂತು. ಕೆಸರಿನಲ್ಲಿ ಹೂತರೆ ಅದರ ಉಕ್ಕಿನ ಹಗ್ಗವನ್ನು ಮರಕ್ಕೆ ಕಟ್ಟಿದರಾಯಿತು, ಜೀಪು ತನ್ನನ್ನು ತಾನೇ ಎಳೆದುಕೊಳ್ಳುತ್ತದೆ. ಗುರುಗಳಿಗೆ ಸೊಂಟನೋವೆಂದು ಮುಂದಿನ ಸೀಟಿಗೆ ದಪ್ಪನೆಯ ಮೆತ್ತೆ ಹಾಕಿಸಿದ.

ಒಂದು ದಿನ ಗುರುಗಳು ಆ ದಾರಿಯಲ್ಲಿ ಬಂದರು. ಬಾನೆಟ್ಟಿನ ಪಕ್ಕದಿಂದ ಚಾವಣಿಯವರೆಗೆ ಎದ್ದು ನಿಂತಿದ್ದ ಕರಿ ಕೊಳವೆಯನ್ನು ಮುಟ್ಟಿ ನೋಡಿದರು.

"ಇದೇನು?"

"ಹಳ್ಳ ದಾಟುವಾಗ ಇಂಜಿನ್ ಮುಳುಗಿದ್ರೂ ಇದರಿಂದ ಉಸಿರಾಡುತ್ತೆ ಬುದ್ಧಿ."

"ಇಂಜಿನ್ ಮುಳುಗಿದಾಗ ನಾವೆಲ್ಲಿರ್ತೀವಿ?"

"ಒಳಗೇ."

"ಹಂಗಾದ್ರೆ ನಮಗೂ ಒಂದೊಂದು ಕೊಳವೆ ಹಾಕಿಸು," ಎಂದು ಗುರುಗಳು ಸ್ನಾನಕ್ಕೆ ಹೋದರು.

ಇಂದುಧರನಿಗೆ ನಗು ಬರಲಿಲ್ಲ. ಅವನ ತಲೆಯಲ್ಲಿ ಬೇರೆ ಲೆಕ್ಕ ಓಡುತ್ತಿತ್ತು. ನೀರಿನ ಟ್ಯಾಂಕು, ಒಲೆ, ಹತ್ಯಾರದ ಪೆಟ್ಟಿಗೆ, ಡೀಸೆಲ್ ಕ್ಯಾನು, ಕಂಬಳಿ, ಬಿಡಿಭಾಗಗಳು. ಎಲ್ಲಕ್ಕೂ ಖಾನೆ ಮಾಡಿಸಬೇಕು. ಜೀಪಿನೊಳಗೆ ಜಾಗ ಸಾಲದು.

ಅವನು ಹಿಂದಿನ ಸೀಟನ್ನು ಬಿಚ್ಚಿದ. ಕೊಟ್ಟಿಗೆಯ ಹಿಂದೆ ಒಗೆದ. ಅದೇ ಬೋಲ್ಟಿನ ತೂತುಗಳಿಗೆ ಖಾನೆಯ ಪೆಟ್ಟಿಗೆ ಕೂರಿಸಿದ. ಅಳತೆಗೆ ಹೇಳಿ ಮಾಡಿಸಿದ ಹಾಗೆ ಕೂತಿತು.

ಹಾಲಮ್ಮನ ನೆನಪು ಬರಲಿಲ್ಲವೇ? ಬಂತು. ಆಕೆಗೆ ಮಂಡಿ ನೋವು, ಆ ಚಳಿ ತಡೆಯಲಾರಳು, ಅಷ್ಟು ಎತ್ತರದಲ್ಲಿ ಉಸಿರು ಸಿಕ್ಕುವುದಿಲ್ಲ, ಬರದಿರುವುದೇ ಆಕೆಗೆ ಒಳ್ಳೆಯದು. ಇದನ್ನೆಲ್ಲ ಅವನು ಹಾಲಮ್ಮನಿಗೆ ಹೇಳಲಿಲ್ಲ. ತನಗೆ ತಾನೇ ಹೇಳಿಕೊಂಡ. ಆಕೆಗೆ ನಾಳೆ ಹೇಳಿದರಾಯಿತು ಎಂದುಕೊಂಡ.

ಕೆಲವು ದಿನ ಕಳೆದ ಮೇಲೆ ಸ್ನಾನ ಮುಗಿಸಿ ಹೊಳೆಯಿಂದ ಬರುತ್ತಿದ್ದಾಗ ನೋಡುತ್ತಾನೆ, ಆ ಸೀಟು ಬೇವಿನ ಮರದ ಕೆಳಗಿದೆ. ಅದರ ಮೇಲೆ ಹಾಲಮ್ಮ ಕೂತಿದ್ದಾಳೆ. ತೊಡೆಯ ಮೇಲೆ ಒಂದು ಗಂಟು. ಕಾಲು ಇಳಿಬಿಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು, ಎದುರಿಗೆ ನೋಡುತ್ತಾ ಕೂತಿದ್ದಾಳೆ.

"ಏನವ್ವಾ ಇದು?"

"ರೂಢಿ ಮಾಡ್ಕೊಳ್ತಿದೀನಿ ತಮ್ಮಾ. ನೆಲದ ಮ್ಯಾಲೆ ಕೂತು ಬೆಳೆದ ಮೈ. ಕಾಲು ಇಳಿಬಿಟ್ಟು ಕೂತ್ರೆ ಊದ್ಕೊಳ್ತಾವೆ. ಮೊನ್ನೆಗಿಂತ ಇವತ್ತು ವಾಸಿ. ದಾರಿಯಾಗೆ ಬುದ್ಧಿಯೋರಿಗೆ, ನಿಂಗೆ ನನ್ನಿಂದ ತೊಂದ್ರೆ ಆಗಬಾರದಲ್ಲ."

ಇಂದುಧರನ ಕಿವಿ ಬಿಸಿಯಾಯಿತು.

"ಸೀಟು ತೊಳೆದು ಒಣಗಿಸೀನಿ," ಎಂದಳು ಹಾಲಮ್ಮ. "ಯಾವಾಗ ಬೇಕು ಹೇಳು."

ಹೇಳುವುದಕ್ಕೆ ಅದೇ ಸಮಯವಾಗಿತ್ತು. ಅವನ ಬಾಯಿ ತೆರೆಯಿತು ಕೂಡ.

"ಹೇಳ್ತೀನವ್ವಾ," ಎಂದು ಹೊರಟುಬಿಟ್ಟ.

ಮರುದಿನ ಆಕೆ ಅಲ್ಲೇ ಇದ್ದಳು. ಅದರ ಮರುದಿನವೂ ಇದ್ದಳು. ಅಡುಗೆ ಕೆಲಸ ಮುಗಿದದ್ದೇ ತಡ, ಗಂಟು ತಂದು ಕೂರುವಳು. ಇಂದುಧರ ಬೇವಿನ ಮರದ ದಾರಿ ಬಿಟ್ಟ. ಕೊಟ್ಟಿಗೆ ಬಳಸಿಕೊಂಡು, ಸಗಣಿ ತುಳಿದುಕೊಂಡು ಓಡಾಡತೊಡಗಿದ. ಆಕೆ ಬಡಿಸಿದ್ದರಲ್ಲಿ ಅರ್ಧ ಎಲೆಯಲ್ಲೇ ಬಿಡುತ್ತಿದ್ದ. ತಲೆ ಎತ್ತದೆ ಉಂಡು ಏಳುತ್ತಿದ್ದ. ಹಸಿವಿಲ್ಲವಾ ತಮ್ಮಾ ಎಂದು ಆಕೆ ಕೇಳಿದರೆ ಇನ್ನಷ್ಟು ಕುಗ್ಗುತ್ತಿದ್ದ.

ಆಯುಧಪೂಜೆ ಬಂತು.

ಜೀಪಿಗೆ ಬಾಳೆಕಂಬ ಕಟ್ಟಿದರು, ಚೆಂಡುಹೂವಿನ ಹಾರ ಹಾಕಿದರು, ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಊರವರು ಬಂದು ಸುತ್ತ ನಿಂತು ಬೆರಗಿನಿಂದ ನೋಡಿದರು. ಇಂಥ ಗಾಡಿಯನ್ನು ಆ ಸೀಮೆಯವರು ಕಂಡಿರಲಿಲ್ಲ. ಗುರುಗಳು ಆರತಿ ಎತ್ತಿದರು. ಕುಂಬಳಕಾಯಿ ಒಡೆಯಿತು.

ಹಾಲಮ್ಮ ತಟ್ಟೆಯಿಂದ ಒಂದು ಹೂವು, ಚಿಟಿಕೆ ವಿಭೂತಿ, ಚಿಟಿಕೆ ಕುಂಕುಮ ತೆಗೆದುಕೊಂಡಳು. ಬೇವಿನ ಮರದ ಕಡೆ ನಡೆದಳು. ಸೀಟಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಹೂವು ಏರಿಸಿ ಕೈಮುಗಿದಳು.

ನೋಡಿದವರು ನಕ್ಕರು. ಪ್ರೀತಿಯಿಂದಲೇ ನಕ್ಕರು.

ಇಂದುಧರ ಜೀಪಿನ ಕೆಳಗೆ ತೂರಿ, ಮೊದಲೇ ಬಿಗಿಯಾಗಿದ್ದ ಬೋಲ್ಟನ್ನು ಬಿಗಿ ಮಾಡುತ್ತಾ ಮಲಗಿದ. ಜನ ಚದುರುವವರೆಗೂ ಹೊರಗೆ ಬರಲಿಲ್ಲ.

ಬಂದಾಗ ಗುರುಗಳು ಜೀಪಿನ ಹಿಂಬಾಗಿಲು ತೆರೆದು ನಿಂತಿದ್ದರು.

"ಈ ಖಾನೆ ಯಾತಕ್ಕೆ?"

"ನೀರು ಸಿಗದಿದ್ರೆ ಅಂತ ಬುದ್ಧಿ."

"ಇದು?"

"ಗಾಡಿ ಕೆಟ್ರೆ."

"ಇದು?"

"ಎಲ್ಲಾದ್ರೂ ಊಟ ಸಿಗದಿದ್ರೆ."

"ಹಾಲಮ್ಮ?"

ಇಂದುಧರ ತಲೆ ತಗ್ಗಿಸಿದ.

"ಆಕೆಗೆ ವಯಸ್ಸಾಯ್ತು ಬುದ್ಧಿ. ಆ ಚಳಿ ತಡೆಯಲ್ಲ."

"ನಾನು ಆಕೆಗಿಂತ ದೊಡ್ಡವನು."

ಇಂದುಧರ ಒಂದು ಖಾನೆಯ ಮುಚ್ಚಳ ತೆರೆದು ಮುಚ್ಚಿದ. ಆಮೇಲೆ, ಆಡಬಾರದಿತ್ತು, ಆಡಿದ.

"ಅಲ್ಲ ಬುದ್ಧಿ, ಸನ್ಯಾಸಿಗೆ ತಂಗಿ ಎಲ್ಲಿಂದ ಬಂತು? ಪೂರ್ವಾಶ್ರಮ ಕಳಚಿಟ್ಟು ಹೋದವರು."

"ನಿಜ," ಎಂದರು ಗುರುಗಳು. "ಅವನಿಗೆ ತಂಗಿ ಇಲ್ಲ. ಆದ್ರೆ ಆಕೆಗೆ ಅಣ್ಣ ಇದಾನಲ್ಲ."

ಗುರುಗಳು ಹಿಂಬಾಗಿಲು ಮುಚ್ಚಿದರು.

"ಸೀಟು ಇಲ್ಲ ಅಂತ ಆಕೆಗೆ ಹೇಳಿದೀಯಾ?"

"ಇಲ್ಲ ಬುದ್ಧಿ."

"ಹೋಗಿ ಹೇಳು."

ಅವನು ಹೋದ. ಹಾಲಮ್ಮ ಸೀಟಿನ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವನ ನೆರಳು ಮೊರದ ಮೇಲೆ ಬಿತ್ತು. ಆಕೆ ತಲೆ ಎತ್ತಲಿಲ್ಲ.

"ಅವ್ವಾ, ಈ ಸೀಟು..."

"ಗೊತ್ತು ತಮ್ಮಾ."

"ಏನು ಗೊತ್ತು?"

"ನೀನು ಬಿಚ್ಚಿ ಕೊಟ್ಟಿಗೆ ಹಿಂದೆ ಒಗೆದಿದ್ದು ನಾನು ನೋಡಿದ್ದೆ. ಹಾಲು ಕರೆಯೋರ ಕೈಲಿ ಹೊರಿಸಿ ಇಲ್ಲಿ ತಂದಿಡಿಸ್ದೆ. ನೀನು ದಿನಾ ಓಡಾಡೋ ದಾರಿ ಇದು."

"ಗೊತ್ತಿದ್ದೂ ಯಾಕೆ ಕೇಳಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾದೆ. ಆಮ್ಯಾಕೆ ನೀನು ದಾರಿನೇ ಬಿಟ್ಟೆ."

ಆಕೆ ಒಂದು ಕಲ್ಲು ಹೆಕ್ಕಿ ಆಚೆ ಎಸೆದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಇಂದುಧರನಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಆಕೆ ದಿನವೂ ತನಗೊಂದು ಅವಕಾಶ ಇಟ್ಟು ಕೂತಿದ್ದಳು. ತಾನು ದಿನವೂ ಅದನ್ನು ತಪ್ಪಿಸಿಕೊಂಡು ಹೋಗಿದ್ದ, ಸಗಣಿ ತುಳಿದುಕೊಂಡು.

ಅವನು ಆಕೆಯ ಕಾಲು ಹಿಡಿಯಲು ಬಗ್ಗಿದ. ಹಾಲಮ್ಮ ಕಾಲು ಹಿಂದಕ್ಕೆ ಎಳೆದುಕೊಂಡು ಎದ್ದಳು.

"ಕಾಲು ಬ್ಯಾಡ ತಮ್ಮಾ. ಸೀಟು ಹಿಡ್ಕೊ. ಆ ಕಡೆ ನೀನು, ಈ ಕಡೆ ನಾನು."

ಇಬ್ಬರೂ ಹೊತ್ತುಕೊಂಡು ಬಂದರು. ಕುಂಕುಮ ಅವನ ಅಂಗೈಗೆ ಮೆತ್ತಿತು.

ಇಂದುಧರ ಪಾನಾ ಹಿಡಿದು ಖಾನೆಯ ಪೆಟ್ಟಿಗೆಯ ಬೋಲ್ಟು ಬಿಚ್ಚತೊಡಗಿದ. ಟ್ಯಾಂಕು, ಒಲೆ, ಕ್ಯಾನುಗಳು ಒಂದೊಂದಾಗಿ ನೆಲಕ್ಕೆ ಇಳಿದವು. ಹಾಲಮ್ಮ ಗಂಟು ಹಿಡಿದು ಜೀಪಿನ ಪಕ್ಕ ನಿಂತಿದ್ದಳು. ಕೂತ್ಕೋ ಅವ್ವಾ ಎಂದ. ಸೀಟು ಒಳಗೆ ಹಾಕು, ಆಮ್ಯಾಕೆ ಕೂರ್ತೀನಿ ಎಂದಳು.

ಅಷ್ಟರಲ್ಲಿ ಒಳಗೆ ಫೋನು ಬಡಿದುಕೊಂಡಿತು. ಗುರುಗಳು ಹೋಗಿ ಮಾತಾಡಿ ಹಿಂತಿರುಗಿದರು. ಬರುವಾಗ ಹೆಜ್ಜೆ ನಿಧಾನವಾಗಿತ್ತು.

"ಘಟ್ಟದ ಮ್ಯಾಲೆ ಹಿಮ ಬಿದ್ದೈತೆ. ಈ ವರ್ಷ ಬೇಗ ಬಂತಂತೆ. ದಾರಿ ಮುಚ್ಚಿದಾರೆ."

"ಸ್ವಾಮಿಗಳು?" ಇಂದುಧರ ಕೇಳಿದ.

"ಉಸಿರೈತೆ. ಬೇಸಿಗೆ ತನಕ ಇರ್ತದಾ ಅಂತ ಹೇಳೋರು ಯಾರು."

ಪಾನಾ ಇಂದುಧರನ ಕೈಯಿಂದ ಜಾರಿ ಬಿತ್ತು. ಸುತ್ತಲೂ ಅವನು ಕೂಡಿಹಾಕಿದ ಸಾಮಾನು. ಕೆಸರಿಗೆ ಇತ್ತು, ಹಳ್ಳಕ್ಕೆ ಇತ್ತು, ಹಸಿವಿಗೆ ಇತ್ತು. ಇದಕ್ಕೆ ಏನೂ ಇರಲಿಲ್ಲ. ಸುದ್ದಿ ಬಂದ ದಿನವೇ ಇದ್ದ ಜೀಪಿನಲ್ಲಿ ಹೊರಟಿದ್ದರೆ ಇಷ್ಟೊತ್ತಿಗೆ ಹೋಗಿ, ನೋಡಿ, ಅರ್ಧ ದಾರಿ ಹಿಂದಕ್ಕೂ ಬಂದಿರಬಹುದಿತ್ತು.

ಹಾಲಮ್ಮನ ಮುಖ ನೋಡುವ ಧೈರ್ಯ ಅವನಿಗಾಗಲಿಲ್ಲ.

"ಬೈಯಿರಿ ಬುದ್ಧಿ," ಎಂದ.

"ಏನಂತ ಬೈಲಿ?" ಗುರುಗಳು ಮುಂದಿನ ಸೀಟಿನ ಮೆತ್ತೆಯನ್ನು ಅಂಗೈಯಿಂದ ಒತ್ತಿದರು. "ಇದನ್ನ ಹಾಕಿಸ್ದ ದಿನ ಯಾರೂ ಇಲ್ದಾಗ ನಾನೂ ಒಂದ್ಸಲ ಕೂತು ನೋಡ್ದೆ. ಹಿತವಾಗಿತ್ತು. ಬ್ಯಾಡ, ಈಗಲೇ ಹೊರಡು ಅನ್ನಬೇಕಾದೋನು ನಾನು. ಸುಮ್ಮನಾದೆ. ಈ ನಾಚಿಕೆನೆಲ್ಲ ನಿನಗೊಬ್ಬನಿಗೇ ಬಿಟ್ಟುಕೊಡಲ್ಲ."

ಬಾಳೆಕಂಬದ ಎಲೆ ಗಾಳಿಗೆ ಜೀಪಿಗೆ ಬಡಿಯುತ್ತಿತ್ತು.

ಹಾಲಮ್ಮ ಕೇಳಿದಳು. "ಘಟ್ಟದ ಈ ಕಡೆ ತನಕ ದಾರಿ ಐತಲ್ಲ ಬುದ್ಧಿ?"

"ಐತೆ."

"ಅಲ್ಲಿ ನಿಂತ್ರೆ ಆ ಬೆಟ್ಟ ಕಾಣ್ತದಾ?"

"ಮೋಡ ಇಲ್ದಿದ್ರೆ ಕಾಣ್ತದೆ."

ಆಕೆ ಗಂಟನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡು ಅಲ್ಲೇ ನಿಂತಳು.

ಇಂದುಧರ ನೆಲ ನೋಡುತ್ತಾ ಮೆಲ್ಲಗೆ ಹೇಳಿದ.

"ದಾರಿ ಮುಚ್ಚಿಹೋಯ್ತಲ್ಲ ಬುದ್ಧಿ. ಇನ್ನು ಈ ಸೀಟು ಹಾಕಿ ಏನು ಮಾಡೋದು?"

ಗುರುಗಳು ಬಗ್ಗಿ ಪಾನಾ ಎತ್ತಿಕೊಂಡರು. ಧೂಳು ಒರೆಸಿ ಅವನ ಕೈಯಲ್ಲಿಟ್ಟರು.

"ದಾರಿ ಮುಚ್ಚಿರೋದು ಅಲ್ಲಿ. ಹಾಲಮ್ಮ ನಿಂತಿರೋದು ಇಲ್ಲಿ."