ಚಕ್ರದ ಮೇಲಿನ ಗುರುತು

"ಗುರುಗಳೇ, ಒಂದು ಸುಳ್ಳಿನಿಂದ ಯಾರಿಗೂ ಕೇಡಾಗದೆ ಹೋದರೆ, ಅದನ್ನು ಹೇಳಿದವನು ಮತ್ತೂ ಯಾಕೆ ಚಡಪಡಿಸಬೇಕು?" ಎಂದು ಅಡವಯ್ಯ ಕೇಳಿದ.

ಕೆಲವು ದಿನಗಳಿಂದ ಈ ಶಿಷ್ಯ ಊಟದ ಪಂಕ್ತಿಯಲ್ಲಿ ಅರ್ಧಕ್ಕೇ ಏಳುತ್ತಿದ್ದ. ಪಾಠದ ನಡುವೆ ಅಂಗಳಕ್ಕೆ ಹೋಗಿ ಬರುತ್ತಿದ್ದ. ಯಾವ ಸುಳ್ಳು ಎಂದು ಗುರುಗಳು ಕೇಳಲಿಲ್ಲ. ಕುಳಿತುಕೊಳ್ಳಲು ಹೇಳಿ ಈ ಕತೆ ಹೇಳಿದರು.

ಒಬ್ಬ ಯಜಮಾನನಿದ್ದ. ಓಟದ ಕಾರುಗಳನ್ನು ಸಿದ್ಧಪಡಿಸುವುದು ಅವನ ಕಸುಬು. ಅವನ ಕಾರು ಓಡುತ್ತಿದ್ದ ಪಂದ್ಯಕ್ಕೆ ಡ್ರ್ಯಾಗ್ ರೇಸ್ ಎನ್ನುತ್ತಾರೆ. ಅದರಲ್ಲಿ ತಿರುವಿಲ್ಲ, ಸುತ್ತಿಲ್ಲ. ನೇರ ರಸ್ತೆಯ ಮೇಲೆ ಎರಡು ಕಾರುಗಳು ಪಕ್ಕಪಕ್ಕ ನಿಲ್ಲುತ್ತವೆ. ಹಸಿರು ದೀಪ ಹತ್ತಿದೊಡನೆ ನಿಂತಲ್ಲಿಂದಲೇ ನುಗ್ಗುತ್ತವೆ. ನೋಡುವವನು ಬಿಗಿಹಿಡಿದ ಉಸಿರು ಬಿಡುವುದರೊಳಗೆ ಎಲ್ಲ ಮುಗಿದಿರುತ್ತದೆ. ಅಷ್ಟು ಹೊತ್ತಿನಲ್ಲಿ ಎಂಜಿನ್ನಿನ ಇಡೀ ಬಲ ಹಿಂದಿನ ಎರಡು ಚಕ್ರಗಳ ಮೇಲೆ ಬೀಳುತ್ತದೆ. ಚಕ್ರ ಬಿರಿದರೆ ಒಳಗಿರುವವನು ಉಳಿಯುವುದು ಕಷ್ಟ.

ಅದಕ್ಕೆಂದೇ ಅಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಇತ್ತು. ಚಕ್ರಗಳನ್ನು ಪರೀಕ್ಷೆಗೆ ಕಳಿಸಬೇಕು. ಅವುಗಳ ಮೇಲೆ ಭಾರ ಹೇರಿ ತಿರುಗಿಸಿ, ಕಣ್ಣಿಗೆ ಕಾಣದ ಬಿರುಕು ಇದೆಯೇ ಎಂದು ನೋಡುತ್ತಾರೆ. ಗಟ್ಟಿಯಾಗಿದ್ದರೆ ಗುರುತಿನ ಚೀಟಿ ಅಂಟಿಸುತ್ತಾರೆ. ಆ ಗುರುತಿಗೆ ಅವಧಿ ಉಂಟು. ಅವಧಿ ಮುಗಿದರೆ, ಚಕ್ರ ಎಷ್ಟೇ ಚೆನ್ನಾಗಿ ಕಂಡರೂ ಮತ್ತೆ ಪರೀಕ್ಷೆಯಾಗಲೇಬೇಕು. ಓಡಿದಷ್ಟೂ ಲೋಹ ದಣಿಯುತ್ತದೆ. ದಣಿದದ್ದು ಹೊರಗೆ ತೋರುವುದಿಲ್ಲ.

ಯಜಮಾನನ ಕಾರನ್ನು ಒಬ್ಬ ಚಾಲಕ ಓಡಿಸುತ್ತಿದ್ದ. ಯಂತ್ರದ ವಿದ್ಯೆ ಅವನಿಗೆ ತಿಳಿಯದು, ಓಡಿಸುವುದು ತಿಳಿದಿತ್ತು. ಹೊರಡುವ ಮುನ್ನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕುಳಿತು ಗುರುತು ಓದುತ್ತಿದ್ದ. ಓದಿದ ಮೇಲೆ ಬೇರೇನೂ ಕೇಳುತ್ತಿರಲಿಲ್ಲ.

ಒಂದು ದೊಡ್ಡ ಪಂದ್ಯ ಹತ್ತಿರ ಬಂದಾಗ ಹಿಂದಿನ ಚಕ್ರಗಳ ಅವಧಿ ಮುಗಿದಿರುವುದು ಯಜಮಾನನಿಗೆ ಕಂಡಿತು. ಪರೀಕ್ಷೆಗೆ ಕಳಿಸಿದರೆ ಪಂದ್ಯದೊಳಗೆ ತಿರುಗಿ ಬರುವಂತಿರಲಿಲ್ಲ. ಅವನು ಚಕ್ರಗಳನ್ನು ಬಿಚ್ಚಿ ಬೆಳಕಿಗೆ ಹಿಡಿದ. ಸುತ್ತಿಗೆಯಿಂದ ತಟ್ಟಿ ಕಿವಿಗೊಟ್ಟ. ಏನೂ ದೋಷ ಕಾಣಲಿಲ್ಲ. ಶೆಡ್ಡಿನ ಮೂಲೆಯಲ್ಲಿ ಅಂಚು ಬಾಗಿ ಕೆಲಸಕ್ಕೆ ಬಾರದ ಒಂದು ಜೋಡಿ ಚಕ್ರ ಬಿದ್ದಿತ್ತು. ಅವುಗಳ ಗುರುತಿಗೆ ಇನ್ನೂ ಅವಧಿ ಇತ್ತು. ಯಜಮಾನ ಆ ಚೀಟಿಗಳನ್ನು ಬಿಸಿ ಮಾಡಿ ಹುಷಾರಾಗಿ ಕಿತ್ತು, ಅವಧಿ ಮುಗಿದ ಚಕ್ರಗಳಿಗೆ ಅಂಟಿಸಿದ.

ಮಾರನೆಯ ದಿನ ಚಾಲಕ ಬಂದು ಕುಳಿತು ಓದಿದ. ಅವನ ಮುಖ ಅರಳಿತು. "ಹೊಸದಾಗಿ ಪರೀಕ್ಷೆ ಮಾಡಿಸಿದ್ದೀರಲ್ಲ ಅಣ್ಣ. ಹಳೆಯವಾದವು ಅಂತ ಹೋದ ಸಲ ಕೊನೆಯಲ್ಲಿ ಆಕ್ಸಿಲರೇಟರ್ ಮೇಲಿನ ಕಾಲು ಸ್ವಲ್ಪ ಹಿಂದೆ ತೆಗೆದಿದ್ದೆ. ಈ ಸಲ ತೆಗೆಯುವುದಿಲ್ಲ" ಎಂದ.

ಯಜಮಾನನಿಗೆ ಏನೋ ಹೇಳಬೇಕು ಎನಿಸಿತು. "ನೋಡಿಕೊಂಡು ಓಡಿಸು" ಎಂದಷ್ಟೇ ಹೇಳಿದ.

ಪಂದ್ಯದ ದಿನ ತಪಾಸಣೆಗಾರ ಚೀಟಿ ನೋಡಿ ಕಾರನ್ನು ಒಳಗೆ ಬಿಟ್ಟ. ಚಾಲಕನ ಹೆಂಡತಿ ಮಗುವನ್ನು ಎತ್ತಿಕೊಂಡು ಬಂದಿದ್ದಳು. ಹಿಂದೆಂದೂ ಬಂದವಳಲ್ಲ. ಹೊಸ ಗುರುತು ಬಿದ್ದಿದೆ ಎಂದು ಗಂಡ ಹೇಳಿದ ಮೇಲೆ ಧೈರ್ಯ ಮಾಡಿದ್ದಳು. ಬೇಲಿಯ ಹತ್ತಿರ ಯಜಮಾನನ ಪಕ್ಕದಲ್ಲಿ ನಿಂತು, "ಭಯ ಏನಿಲ್ಲ ಅಲ್ವಾ ಅಣ್ಣ?" ಎಂದು ಕೇಳಿದಳು.

"ಏನಿಲ್ಲಮ್ಮ" ಎಂದ ಯಜಮಾನ.

ದೀಪ ಹಸಿರಾಯಿತು. ಕಾರು ನುಗ್ಗಿತು. ಚಾಲಕ ಕೊನೆಯವರೆಗೂ ಕಾಲು ತೆಗೆಯಲಿಲ್ಲ. ಚಕ್ರಗಳು ತಡೆದುಕೊಂಡವು. ಅವರು ಗೆದ್ದರು. ಜನ ಚಾಲಕನನ್ನು ಮೇಲೆತ್ತಿ ಕುಣಿಸಿದರು. ಯಜಮಾನ ಬೇಲಿಯ ಕಂಬ ಹಿಡಿದು ನೆಲಕ್ಕೆ ಕುಳಿತ. ಸಂತೋಷಕ್ಕೆ ಹೀಗಾಗಿದೆ ಎಂದು ಎಲ್ಲರೂ ತಿಳಿದರು.

ಊರಿಗೆ ಮರಳಿದ ಕೂಡಲೇ ಅವನು ಆ ಚೀಟಿಗಳನ್ನು ಕೆರೆದು ತೆಗೆದು, ಚಕ್ರಗಳನ್ನು ಪರೀಕ್ಷೆಗೆ ಕಳಿಸಿದ. ಅವು ಗಟ್ಟಿಯಾಗಿವೆ ಎಂದು ನಿಜವಾದ ಗುರುತಿನೊಂದಿಗೆ ತಿರುಗಿ ಬಂದವು. ಒಂದು ಕೂದಲೆಳೆಯ ಬಿರುಕೂ ಇರಲಿಲ್ಲ. ಎಲ್ಲ ಸರಿಹೋಯಿತು ಎಂದುಕೊಂಡ ಯಜಮಾನ. ಸರಿಹೋಗಲಿಲ್ಲ.

ನಿಜವಾದ ಗುರುತು ಕಣ್ಣೆದುರಿಗಿದ್ದರೂ ಅವನಿಗೆ ನಂಬಿಕೆ ಬರಲಿಲ್ಲ. ಸೀಟಿನ ಪಟ್ಟಿಯ ಮೇಲೆ ಒಂದು ಗುರುತಿತ್ತು, ಚಾಲಕನ ಹೆಲ್ಮೆಟ್ಟಿನ ಮೇಲೆ ಒಂದಿತ್ತು. ಇವನ್ನು ಅಂಟಿಸಿದವನೂ ನನ್ನಂಥವನೇ ಆಗಿದ್ದರೆ ಎಂಬ ಯೋಚನೆ ಹೊಕ್ಕಿತು. ಬಿಗಿಯಾಗಿದ್ದ ಬೋಲ್ಟುಗಳನ್ನು ಸಡಿಲಿಸಿ ಮತ್ತೆ ಬಿಗಿದ. ಮನೆಗೆ ಹೊರಟವನು ಅರ್ಧ ದಾರಿಯಿಂದ ಹಿಂದಿರುಗಿ ಮತ್ತೆ ಬಿಗಿದ. ಊಟಕ್ಕೆ ಕುಳಿತಾಗ ಬೇಲಿಯ ಹತ್ತಿರ ನಿಂತ ಹೆಂಗಸಿನ ಮಾತು ಕೇಳಿಸುತ್ತಿತ್ತು.

ಮುಂದಿನ ಪಂದ್ಯ ಬಂತು. ಕಾರು ಸಾಲಿನಲ್ಲಿ ನಿಂತಿತ್ತು. ಚಾಲಕ ಗುರುತು ಓದಿ ಎದ್ದು ಕೈಗವಸು ಹಾಕಿಕೊಳ್ಳುತ್ತಿದ್ದ. ಯಜಮಾನ ಅವನ ಕೈ ಹಿಡಿದು ನಿಲ್ಲಿಸಿ, ಇದ್ದದ್ದೆಲ್ಲ ಹೇಳಿದ. "ಈಗಿನದು ನಿಜವಾದ ಗುರುತು. ಆಗಲೂ ಚಕ್ರ ಗಟ್ಟಿಯಾಗಿಯೇ ಇತ್ತು. ಪರೀಕ್ಷೆಯಲ್ಲಿ ಅದೂ ಗೊತ್ತಾಯಿತು" ಎಂದ.

ಚಾಲಕ ಚಕ್ರದ ಕಡೆಗೆ ತಿರುಗಿದ. ಆಮೇಲೆ ಮೆಲ್ಲಗೆ ಹೇಳಿದ: "ಗಟ್ಟಿಯಾಗಿತ್ತು, ಸರಿ ಅಣ್ಣ. ಆದರೆ ಭಯವಿಲ್ಲ ಅಂತ ನನ್ನ ಹೆಂಡತಿಗೆ ಹೇಳಿದಾಗ ನಿಮಗದು ಗೊತ್ತಿರಲಿಲ್ಲ."

ಅವನು ಕೈಗವಸು ಕಳಚಿ ಕಾರಿನ ಮೇಲಿಟ್ಟ. ಜನರ ನಡುವೆ ನಡೆದು ಹೆಂಡತಿ ಮಗುವಿದ್ದ ಕಡೆಗೆ ಹೋದ. ಅವರನ್ನು ಕರೆದುಕೊಂಡು ಹೊರಟೇಹೋದ. ಆ ದಿನ ಎದುರಾಳಿಯ ಕಾರು ಒಂಟಿಯಾಗಿ ಓಡಿತು. ಯಜಮಾನ ತನ್ನ ಕಾರನ್ನು ಕೈಯಿಂದ ತಳ್ಳಿಕೊಂಡು ಹೊರಗೆ ತಂದ.

ಗುರುಗಳು ಕತೆ ಮುಗಿಸಿದರು. ಅಡವಯ್ಯ ಕುಳಿತಲ್ಲೇ ಮಿಸುಕಾಡಿದ. "ಹೇಳಿದ್ದರಿಂದ ಅವನಿಗೆ ಚಾಲಕನೂ ಹೋದ, ಪಂದ್ಯವೂ ಹೋಯಿತು. ಚಡಪಡಿಕೆಯಾದರೂ ಹೋಯಿತೇ, ಗುರುಗಳೇ?" ಎಂದು ಕೇಳಿದ.

ಗುರುಗಳು ಹೇಳಿದರು: "ಹೋಯಿತು, ಅವನು ನಿಜವನ್ನು ಯಾರಿಗೆ ಹೇಳಬೇಕಿತ್ತೋ ಅವರ ಮುಂದೆಯೇ ಹೋಗಿ ನಿಂತ, ನೀನಾದರೋ ನನ್ನ ಮುಂದೆ ಬಂದು ಕುಳಿತಿದ್ದೀಯೆ."