ಬಾಯಾರಿದ ದೋಣಿ

ಬನ್ನಿ ಮಕ್ಕಳೇ, ದೀಪದ ಹತ್ತಿರ ಕೂತುಕೊಳ್ಳಿ. ಇದು ಹೆದರಿಕೆಯ ಕಥೆ. ಹೆದರಿದವರು ಪಕ್ಕದವರ ಕೈ ಹಿಡಿದುಕೊಳ್ಳಿ, ನಾನೇನೂ ನಗುವುದಿಲ್ಲ.

ಹೊಳೆ ಹೋಗಿ ಕಡಲು ಸೇರುವ ಕಡೆ ಹೊನ್ನಳಿವೆ ಎಂಬ ಸಣ್ಣ ರಾಜ್ಯವೊಂದಿತ್ತು. ಅಲ್ಲಿ ಕೂಸಪ್ಪ ಆಚಾರಿ ಎಂಬ ದೋಣಿ ಕಟ್ಟುವವನಿದ್ದ. ಅವನ ಅಜ್ಜ ದೋಣಿ ಕಟ್ಟಿದ, ಅಪ್ಪ ದೋಣಿ ಕಟ್ಟಿದ, ಅವನೂ ದೋಣಿ ಕಟ್ಟಿದ. ಆ ಮನೆಯವರ ದೋಣಿಯಲ್ಲಿ ಕೂತು ಮುಳುಗಿದವರು ಒಬ್ಬರೂ ಇಲ್ಲ. ಕೂಸಪ್ಪನಿಗೆ ಒಬ್ಬನೇ ಮಗ, ಜಟ್ಟಿ. ಮೀಸೆ ಈಗಷ್ಟೇ ಚಿಗುರುತ್ತಿತ್ತು, ಆದರೆ ಉಳಿ ಹಿಡಿದರೆ ಕೈ ಅಲುಗುತ್ತಿರಲಿಲ್ಲ.

ಆ ವರ್ಷ ರಾಜ ತೀರಿಕೊಂಡ. ರಾಜನ ಮಗನಿಗೆ ಇನ್ನೂ ಹಾಲುಹಲ್ಲು ಬೀಳುವ ವಯಸ್ಸು. ಪಟ್ಟ ಕಟ್ಟುವ ಮೊದಲು ಹೊಸ ರಾಜ ಹೊಸ ದೋಣಿಯಲ್ಲಿ ನಡುಗಡ್ಡೆಗೆ ಹೋಗಿ ದೇವಿಗೆ ಕೈಮುಗಿದು ಬರಬೇಕು, ಅದು ಅಲ್ಲಿಯ ಪದ್ಧತಿ. ಆ ದೋಣಿಯಲ್ಲಿ ಇಬ್ಬರೇ: ರಾಜ, ಮತ್ತು ಹುಟ್ಟು ಹಾಕಲು ದೋಣಿ ಕಟ್ಟಿದವನು. ಹಿಂದೆ ಇನ್ನೊಂದು ದೋಣಿಯಲ್ಲಿ ದಳವಾಯಿ ಪಟ್ಟದ ಕತ್ತಿ ಹಿಡಿದು ಬರಬೇಕು.

ದಳವಾಯಿ ಕಾಮಯ್ಯನಿಗೆ ಸಿಂಹಾಸನದ ಮೇಲೆ ಕಣ್ಣು. ಅವನು ಕೂಸಪ್ಪನನ್ನು ಕರೆಸಿದ.

"ಆಚಾರೀ, ನಡುನೀರಲ್ಲಿ ಮುಳುಗುವ ದೋಣಿ ಕಟ್ಟು."

"ನನ್ನ ಕೈಗೆ ಆ ಕೆಲಸ ಬರೋದಿಲ್ಲ ಒಡೆಯಾ."

ಅಷ್ಟೇ ಮಾತು. ಕೂಸಪ್ಪನನ್ನು ಎಳೆದುಕೊಂಡು ಹೋಗಿ ಕೋಟೆಯ ನೆಲಮಾಳಿಗೆಗೆ ನೂಕಿದರು. ಆಮೇಲೆ ಕಾಮಯ್ಯ ಜಟ್ಟಿಯ ಮುಂದೆ ಬಂದು ನಿಂತ.

"ನೀನು ಕಟ್ಟು. ದೋಣಿ ಮುಳುಗಿದ ಕೂಡಲೇ ದಡದಲ್ಲಿ ಕೊಂಬು ಊದುತ್ತಾರೆ. ಕೊಂಬು ಕೇಳಿದರೆ ಕಾವಲಿನವನು ನಿನ್ನಪ್ಪನನ್ನು ಬಿಡುತ್ತಾನೆ. ಕೊಂಬು ಕೇಳದೆ ಸೂರ್ಯ ಮುಳುಗಿದರೆ ತಲೆ ಹಾರಿಸುತ್ತಾನೆ. ಯಾರ ಹತ್ತಿರವಾದರೂ ಬಾಯಿಬಿಟ್ಟೆಯೋ, ಆ ಕ್ಷಣವೇ ಹಾರಿಸುತ್ತಾನೆ."

ಜಟ್ಟಿ ಲೆಕ್ಕ ಹಾಕಿ ನೋಡಿದ. ಅಪ್ಪನನ್ನು ಉಳಿಸಿದರೆ ಮಗು ಸಾಯುತ್ತದೆ. ಮಗುವನ್ನು ಉಳಿಸಿದರೆ ಅಪ್ಪ ಸಾಯುತ್ತಾನೆ. ಏನು ಮಾಡಲಿ ಎಂದು ಕೇಳೋಣವೆಂದರೆ, ಯಾವಾಗಲೂ ಕೇಳುತ್ತಿದ್ದುದು ಅಪ್ಪನನ್ನೇ.

ಅವನು ಕೆಲಸ ಶುರುಮಾಡಿದ. ಮೊದಲನೇ ಸಲ ಕಾಮಯ್ಯ ಬಂದಾಗ ಅಪ್ಪನ ಮುಂಡಾಸು ತಂದು ಎಸೆದ. "ಮುಳುಗುತ್ತದೆಯೇನೋ?" ಜಟ್ಟಿ ತಲೆಯಾಡಿಸಿದ. ಎರಡನೇ ಸಲ ಅಪ್ಪನ ಕತ್ತರಿಸಿದ ಜುಟ್ಟು ತಂದು ಎಸೆದ. "ಮುಳುಗುತ್ತದೆಯೇನೋ?" ಜಟ್ಟಿ ತಲೆಯಾಡಿಸಿದ. ಆ ದಿನ ಮಾತ್ರ ಉಳಿ ಜಾರಿ ಹಲಗೆಗೆ ಗೀರು ಬಿತ್ತು.

ಮೂರನೇ ಸಲ ಏನನ್ನೂ ತರಲಿಲ್ಲ. ಜಟ್ಟಿಯನ್ನೇ ನೆಲಮಾಳಿಗೆಗೆ ಕರೆದೊಯ್ದು ಅಪ್ಪನನ್ನು ತೋರಿಸಿದ. ದಳವಾಯಿ ಪಕ್ಕದಲ್ಲೇ ನಿಂತಿದ್ದ. ಕೂಸಪ್ಪ ಮಗನ ಮುಖ ನೋಡಿ ಇಷ್ಟೇ ಹೇಳಿದ: "ಮಗಾ, ಚಿಕ್ಕವನಿದ್ದಾಗ ಹೊಸ ದೋಣಿ ನೋಡಿ ಅತ್ತಿದ್ದೆಯಲ್ಲ, ನೆನಪಿದೆಯಾ? ಈಗಲೂ ಅಳಬೇಡ."

ಅತ್ತಿದ್ದು ಯಾಕೆ ಗೊತ್ತೇ? ಅಪ್ಪ ಕಟ್ಟಿದ ಹೊಸ ದೋಣಿಯನ್ನು ನೀರಿಗಿಳಿಸಿದಾಗ ಸಂದುಸಂದಿನಿಂದ ನೀರು ನುಗ್ಗಿತ್ತು. ಅಪ್ಪನ ಕೆಲಸ ಕೆಟ್ಟಿತೆಂದು ಹುಡುಗ ಅತ್ತುಬಿಟ್ಟ. ಅಪ್ಪ ನಕ್ಕು, "ಮರಕ್ಕೆ ಬಾಯಾರಿದೆ ಮಗಾ, ಕುಡಿಯಲಿ ಬಿಡು" ಎಂದಿದ್ದ. ಮರುದಿನ ನೋಡಿದರೆ ಹಲಗೆಗಳು ನೀರು ಕುಡಿದು ಉಬ್ಬಿ, ಸಂದುಗಳೆಲ್ಲ ಮುಚ್ಚಿಕೊಂಡಿದ್ದವು. ಒಣಗಿದ ದೋಣಿ ಸೋರುತ್ತದೆ, ನೆನೆದ ದೋಣಿ ಸೋರುವುದಿಲ್ಲ.

ತನ್ನ ಪ್ರಾಣ ಹೋದರೂ ಸರಿ, ಮಗುವನ್ನು ಉಳಿಸು ಎನ್ನುತ್ತಿದ್ದಾನೆ ಅಪ್ಪ. ಜಟ್ಟಿಗೆ ಅರ್ಥವಾಯಿತು. ಕಣ್ಣು ತುಂಬಿತು, ಆದರೆ ಅಳಲಿಲ್ಲ.

ಅವನು ಗಟ್ಟಿ ಹಲಗೆ ಜೋಡಿಸಿದ, ತೆಂಗಿನ ನಾರಿನ ಹುರಿಯಿಂದ ಬಿಗಿಯಾಗಿ ಹೊಲಿದ, ಬಿಸಿಲಿಗೆ ಒಣಗಲು ಬಿಟ್ಟ. ಪಟ್ಟದ ಹಿಂದಿನ ದಿನ ಕಾಮಯ್ಯನ ಎದುರಿಗೇ ನೀರಿಗಿಳಿಸಿದ. ನೀರು ಬುಳುಬುಳು ಒಳಗೆ ನುಗ್ಗಿತು. ಕಾಮಯ್ಯನ ಮುಖ ಅರಳಿತು.

"ಒಡೆಯಾ, ದಡಕ್ಕೆ ಎಳೆದರೆ ಊರವರು ನೋಡುತ್ತಾರೆ. ಇಲ್ಲೇ ಮರೆಯಲ್ಲಿ, ನೀರಲ್ಲೇ ಇರಲಿ. ಬೆಳಿಗ್ಗೆ ನೀರು ಹೊರಗೆ ಚೆಲ್ಲಿ ತರುತ್ತೇನೆ."

"ಜಾಣ!" ಎಂದ ಕಾಮಯ್ಯ.

ಕಾಮಯ್ಯನ ಸ್ವಂತ ದೋಣಿ ಹೇಗಿತ್ತು ಗೊತ್ತೇ? ಮೂತಿಗೆಲ್ಲ ಹಿತ್ತಾಳೆ. ವರ್ಷಗಟ್ಟಲೆ ಚಪ್ಪರದಡಿ ಒಣಗಿತ್ತು. ದಿನವೂ ಒರೆಸಿ ಹೊಳಪು ಕೊಡುತ್ತಿದ್ದರು, ನೀರನ್ನು ಮಾತ್ರ ತೋರಿಸಿರಲಿಲ್ಲ. ಜಟ್ಟಿ ಅದನ್ನು ನೋಡಿದ. ಕೆಟ್ಟವನಾದರೇನು, ಅದರಲ್ಲಿ ಹುಟ್ಟು ಹಾಕುವವರು ಕೂರುತ್ತಾರಲ್ಲ?

"ಒಡೆಯಾ, ನಿಮ್ಮ ದೋಣಿಯೂ ಇವತ್ತು ನೀರಲ್ಲಿ ನೆನೆಯಲಿ."

"ಥೂ! ಮುಟ್ಟಿದರೆ ಕೈ ಕತ್ತರಿಸುತ್ತೇನೆ. ನನಗೂ ಗುಂಡಿ ತೋಡುತ್ತೀಯೇನೋ?"

ಬೆಳಗಾಯಿತು. ರಾಜಕುಮಾರ ಬಂದು ದೋಣಿಯಲ್ಲಿ ಕೂತ. ಜಟ್ಟಿ ಹುಟ್ಟು ಹಾಕಿದ. ಹಿಂದೆ ದಳವಾಯಿಯ ದೋಣಿ ಫಳಫಳ ಹೊಳೆಯುತ್ತ ಹೊರಟಿತು.

"ಜಟ್ಟಣ್ಣ, ನಂಗೆ ಹೆದರಿಕೆ ಆಗ್ತಿದೆ," ಎಂದಿತು ಮಗು.

"ನಂಗೂ ಆಗ್ತಿದೆ ಪುಟ್ಟ ಒಡೆಯಾ. ಗಟ್ಟಿಯಾಗಿ ಹಿಡ್ಕೊಳ್ಳಿ."

ಜಟ್ಟಿ ದೋಣಿಯ ತಳ ನೋಡಿದ. ಒಂದು ಹನಿ ನೀರೂ ಇರಲಿಲ್ಲ. ಮಗು ಉಳಿಯಿತು. ಹಾಗಾದರೆ ಅಪ್ಪ? ಅವನು ತಲೆ ಎತ್ತಿ ಸೂರ್ಯನನ್ನು ನೋಡಿದ.

ನಡುನೀರಿಗೆ ಬಂದರು. ಕಾಮಯ್ಯ ಮುಂದಿನ ದೋಣಿಯನ್ನೇ ದಿಟ್ಟಿಸುತ್ತಿದ್ದ. ಈಗ ಮುಳುಗುತ್ತದೆ, ಈಗ ಮುಳುಗುತ್ತದೆ. ಅಷ್ಟರಲ್ಲಿ ಕಾಲು ತಣ್ಣಗಾಯಿತು. ಬಗ್ಗಿ ನೋಡಿದರೆ ಮೊಣಕಾಲಿನವರೆಗೆ ನೀರು! ಹುಟ್ಟು ಹಾಕುವವರು ಧುಮುಕಿ ಈಜಿ ದಡದ ಕಡೆ ಹೋದರು. ಹಿತ್ತಾಳೆಯ ದೋಣಿ ಮೂತಿ ಎತ್ತಿ, ಒಮ್ಮೆ ಹೊಳೆದು, ಮುಳುಗಿತು. ಕವಚ ತೊಟ್ಟ ಕಾಮಯ್ಯ ಒಂದು ಹುಟ್ಟನ್ನು ಅಪ್ಪಿಕೊಂಡು ಒದ್ದಾಡಿದ.

ಜಟ್ಟಿ ದೋಣಿ ತಿರುಗಿಸಿ ಹತ್ತಿರ ತಂದು ಕೈ ಚಾಚಿದ. "ಹತ್ತಿ ಒಡೆಯಾ!"

"ಬೇಡ! ಅದು ಮುಳುಗುವ ದೋಣಿ!"

"ಹತ್ತಿ ಒಡೆಯಾ, ಇದು ಗಟ್ಟಿ ದೋಣಿ!"

"ಸುಳ್ಳು! ನೀರು ನುಗ್ಗಿದ್ದನ್ನು ಕಣ್ಣಾರೆ ನೋಡಿದ್ದೇನೆ! ಮುಳುಗಲಿ ಅಂತ ನಾನೇ ಕಟ್ಟಿಸಿದ್ದು!"

ಮಗು ಕೇಳಿಸಿಕೊಂಡಿತು. ಆದರೂ ತನ್ನ ಪುಟ್ಟ ಕೈಯನ್ನೂ ಚಾಚಿತು. "ಬನ್ನಿ ಮಾವ."

ಮೂರನೇ ಸಲವೂ ಕಾಮಯ್ಯ ಕೈ ಹಿಡಿಯಲಿಲ್ಲ. ಹೆದರಿ ಹಿಂದೆ ಸರಿದ. ಹೊಳೆ ಕಡಲು ಸೇರುವ ಅಳಿವೆಯ ಸೆಳೆತ ಅವನನ್ನು ಕಡಲಿಗೆ ಎಳೆದೊಯ್ಯಿತು.

ಆಗ ದಡದಲ್ಲಿ ಕೊಂಬು ಕೂಗಿತು! ಗುಟ್ಟು ಹೊರಬೀಳಬಾರದೆಂದು ಕಾಮಯ್ಯ ಕೊಂಬಿನವನಿಗೆ ಇಷ್ಟೇ ಹೇಳಿದ್ದ: "ದೋಣಿ ಮುಳುಗಿದ ಕೂಡಲೇ ಊದು." ಅವನು ದೋಣಿ ಮುಳುಗಿದ್ದನ್ನು ಕಂಡ, ಊದಿದ. ಕೋಟೆಯಲ್ಲಿ ಕಾವಲಿನವನು ಕೇಳಿದ, ಬಾಗಿಲು ತೆರೆದ.

ಜಟ್ಟಿ ದೇವಿಗೆ ಕೈಮುಗಿಸಿ ರಾಜನನ್ನು ಮರಳಿ ತರುವಾಗ, ದಡದಲ್ಲಿ ಜುಟ್ಟಿಲ್ಲದ ಮುದುಕನೊಬ್ಬ ನಿಂತಿದ್ದ. ಮೊದಲು ದೋಣಿಯ ತಳ ಮುಟ್ಟಿ ನೋಡಿದ. ಒಂದು ಹನಿಯೂ ಸೋರಿರಲಿಲ್ಲ. ಆಮೇಲೆ ಮಗನನ್ನು ಅಪ್ಪಿಕೊಂಡ. ಆಗ ಇಬ್ಬರೂ ಅತ್ತರು.

ಕೇಳಿದಿರಾ ಮಕ್ಕಳೇ? ಇನ್ನೊಬ್ಬರಿಗೆ ಕೇಡು ಬಗೆದವನಿಗೆ, ಉಳಿಸಲು ಚಾಚಿದ ಕೈಯೂ ಕೇಡಾಗಿಯೇ ಕಾಣುತ್ತದೆ. ಕಾಮಯ್ಯನನ್ನು ಮುಳುಗಿಸಿದ್ದು ನೀರಲ್ಲ, ಅವನ ಮೋಸವೇ. ಇನ್ನು ಪಕ್ಕದವರ ಕೈ ಬಿಡಿ, ಮಲಗಿ.